ಹಳೇ ಫೋಟೋದ ಹಿಂದೆ ಪೆನ್ನಲ್ಲಿ ಹೆಸರು ಬರೆಯಬೇಡಿ: ಒಂದು ಮನೆಯಲ್ಲಿ ಆದ ಎಡವಟ್ಟು

ಮದುವೆ ಮನೆಯ ಗುಂಪು ಫೋಟೋ ಅದು. ಕುರ್ಚಿಯಲ್ಲಿ ಐದು ಜನ, ಹಿಂದೆ ನಿಂತವರು ಏಳು, ಜಮಖಾನೆಯ ಮೇಲೆ ಮೂರು ಮಕ್ಕಳು. ಗುರುತು ಸಿಕ್ಕಿದ್ದು ನಾಲ್ಕೇ ಜನರದ್ದು. ಉಳಿದವರ ಹೆಸರು ಪತ್ತೆ ಮಾಡಿ ವಂಶವೃಕ್ಷದ ಪುಸ್ತಕದಲ್ಲಿ ಹಾಕಿಸಬೇಕೆಂಬ ಆಸೆ ಮನೆಯವರಿಗೆ. ಫೋಟೋ ಅಂಟಿಸಿದ್ದ ರಟ್ಟಿಗೆ ಬೂಷ್ಟು ಹಿಡಿದಿದೆ ಎಂದು ಸ್ಟುಡಿಯೋದಲ್ಲಿ ನೀರಲ್ಲಿ ನೆನೆಸಿ ರಟ್ಟು ಬಿಡಿಸಿದರು. ಮೊಬೈಲ್ ಆ್ಯಪ್‌ನಲ್ಲಿ ಮುಖಗಳನ್ನು ‘ಕ್ಲಿಯರ್’ ಮಾಡಿಸಿದರು. ಆ ಚಿತ್ರವನ್ನು ವಾಟ್ಸಾಪ್ ಗ್ರೂಪಿಗೆ ಹಾಕಿ, ‘ಬಲಗಡೆ ಕೂತಿರೋದು ದೊಡ್ಡಜ್ಜಿ ಅಲ್ವಾ?’ ಎಂದು ಕೇಳಿದರು. ಒಬ್ಬರು ಹೌದೆಂದರು, ಬೆನ್ನಿಗೇ ಎಲ್ಲರೂ ಹೌದೆಂದರು. ಫೋಟೋದ ಹಿಂದೆ ಬಾಲ್ ಪೆನ್ನಲ್ಲಿ ಹೆಸರು ಬರೆದಾಯಿತು, ಪುಸ್ತಕವೂ ಅಚ್ಚಾಯಿತು.

ಆಮೇಲೆ ನೆಂಟರ ಅಟ್ಟದ ಪೆಟ್ಟಿಗೆಯಲ್ಲಿ ಅದೇ ಫೋಟೋದ ಇನ್ನೊಂದು ಪ್ರತಿ ಸಿಕ್ಕಿತು, ರಟ್ಟಿನ ಸಮೇತ. ರಟ್ಟಿನ ಹಿಂದೆ ಪೆನ್ಸಿಲ್ಲಿನಲ್ಲಿ ಹದಿನೈದೂ ಹೆಸರು. ಬಲಗಡೆ ಕೂತವರು ದೊಡ್ಡಜ್ಜಿಯಲ್ಲ, ಅವರ ಅಕ್ಕ. ಆಕೆ ತೀರಿಕೊಂಡ ಮೇಲೆ ಅದೇ ಮನೆಗೆ ತಂಗಿಯನ್ನು ತಂದುಕೊಂಡಿದ್ದರು. ಆ ಅಕ್ಕನ ಗದ್ದದ ಮೇಲೆ ಹಚ್ಚೆಯ ಚುಕ್ಕಿಯಿತ್ತು, ತಂಗಿಗೆ ಇರಲಿಲ್ಲ. ಆ್ಯಪ್ ಅದನ್ನು ಕಲೆ ಎಂದುಕೊಂಡು ಅಳಿಸಿಬಿಟ್ಟಿತ್ತು. ಆಕೆ ಬದುಕಿದ್ದಕ್ಕೆ ಆ ಮನೆಯಲ್ಲಿ ಉಳಿದಿದ್ದ ಒಂದೇ ಗುರುತು ಈ ಫೋಟೋ. ಅದರ ಮೇಲೂ ಬೇರೆಯವರ ಹೆಸರು ಕೂತಿತು. ನೆನೆದುಹೋದ ಆ ಮೊದಲ ರಟ್ಟಿನ ಹಿಂದೆ ಏನು ಬರೆದಿತ್ತೋ, ಬಿಡಿಸುವ ಮುಂಚೆ ಯಾರೂ ತಿರುಗಿಸಿ ನೋಡಿರಲಿಲ್ಲ.

ಆದ್ದರಿಂದ ರಟ್ಟು, ಕಟ್ಟು, ಆಲ್ಬಮ್ಮಿನ ಹಾಳೆ ಯಾವುದನ್ನೂ ಮೊದಲು ಬಿಡಿಸಬೇಡಿ. ಸ್ಟುಡಿಯೋದ ಉಬ್ಬು ಮುದ್ರೆ, ಊರು, ನೆಗೆಟಿವ್ ನಂಬರು ಇರುವುದೇ ಅಲ್ಲಿ. ಗಾಜಿನ ಕಟ್ಟಿನ ಹಿಂಬದಿಯ ಮೊಳೆ ಬಿಚ್ಚಲೇಬೇಕಾಗಿ ಬಂದು, ಒಳಗೆ ಹಳೇ ಪತ್ರಿಕೆಯ ಹಾಳೆ ಸಿಕ್ಕರೆ ಅದರ ದಿನಾಂಕ ಗುರುತು ಹಾಕಿಕೊಳ್ಳಿ. ಅದು ಹೆಚ್ಚೆಂದರೆ ಕಟ್ಟು ಹಾಕಿಸಿದ ಕಾಲ ಹೇಳುತ್ತದೆ, ಫೋಟೋ ತೆಗೆದ ಕಾಲವನ್ನಲ್ಲ. ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಫೋಟೋ ಗಾಜಿಗೇ ಅಂಟಿಕೊಂಡಿದ್ದರೆ ಕೀಳಬೇಡಿ. ಚಿತ್ರವಿರುವ ಜೆಲಟಿನ್ ಪದರ ಗಾಜಿನ ಜೊತೆಗೇ ಎದ್ದುಬರುತ್ತದೆ, ಮುಖವೇ ಹೋಗುತ್ತದೆ. ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿ.

ಸ್ಕ್ಯಾನ್ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ) ಇರಲಿ, ಪಾಸ್‌ಪೋರ್ಟ್ ಅಳತೆಯದಾದರೆ 1200. ಮುಂದೆ, ಹಿಂದೆ, ರಟ್ಟು ಸೇರಿ ಪೂರ್ತಿ, ಅಂಚು ಕತ್ತರಿಸದೆ, ಚಿತ್ರದ ವಿವರ ಕಳೆಯದ ಟಿಫ್ ಫೈಲಾಗಿ ಇಡಿ. ನೆಂಟರಿಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೋ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ.

ಮುಖ ಚೊಕ್ಕ ಮಾಡುವ ಆ್ಯಪ್‌ಗಳ ಬಗ್ಗೆ ಎಷ್ಟು ಹೇಳಿದರೂ ಸಾಲದು. ಮಸುಕಾದ ಕಣ್ಣು ಮೂಗನ್ನು ಅವು ‘ಸರಿ’ ಮಾಡುವುದಿಲ್ಲ. ಸಾವಿರಾರು ಬೇರೆ ಮುಖಗಳಿಂದ ಕಲಿತದ್ದನ್ನು ಅಲ್ಲಿ ತುಂಬುತ್ತವೆ. ಹೊರಬರುವುದು ಯಾರದೂ ಅಲ್ಲದ ಮುಖ. ಹಣೆಯ ಅಂಗಾರ, ವಿಭೂತಿಯ ಗೆರೆ, ಸಿಡುಬಿನ ಕಲೆ, ಹಚ್ಚೆ, ಮೂಗುಬೊಟ್ಟು ಹೀಗೆ ಗುರುತಿಗೆ ಬೇಕಾದದ್ದೆಲ್ಲ ಅವಕ್ಕೆ ಕೊಳೆ. ಬಣ್ಣ ಹಾಕಿಸುವುದೂ ಅಷ್ಟೇ ಮೋಸ. ಆಗಿನ ಆರ್ಥೋಕ್ರೊಮ್ಯಾಟಿಕ್ ಪ್ಲೇಟು, ಫಿಲ್ಮುಗಳಿಗೆ ಕೆಂಪು ಕಾಣುತ್ತಿರಲಿಲ್ಲ. ಕುಂಕುಮವೂ ಕೆಂಪು ಸೀರೆಯೂ ಕಪ್ಪಾಗಿ ಬೀಳುತ್ತಿದ್ದವು. ಮಡಿ ಹೆಂಗಸಿನ (ವಿಧವೆಯ) ಕೆಂಪು ಸೀರೆಗೆ ಆ್ಯಪ್ ಹಸಿರೋ ನೀಲಿಯೋ ಬಣ್ಣ ಬಳಿದರೆ, ನೋಡಿದವರು ಆಕೆಯನ್ನು ಮನೆಯ ಬೇರೆ ಯಾರೋ ಎಂದುಕೊಳ್ಳುತ್ತಾರೆ.

ಇನ್ನು ಹಿರಿಯರನ್ನು ಕೇಳುವ ಬಗೆ. ಎಡವುವುದು ಹೆಚ್ಚಾಗಿ ಇಲ್ಲೇ. ‘ಇದು ಇಂಥವರಲ್ವಾ’ ಎಂದು ಬಾಯಿಗೆ ಹೆಸರು ಕೊಡಬೇಡಿ. ಎಲ್ಲರನ್ನೂ ಒಟ್ಟಿಗೆ ಕೂರಿಸಬೇಡಿ, ಜೋರು ದನಿಯವರ ಮಾತೇ ಗೆಲ್ಲುತ್ತದೆ. ಕಣ್ಣಿನ ಪೊರೆ ಬಂದವರಿಗೆ ಮೊಬೈಲ್ ತೋರಿಸಿ ಪ್ರಯೋಜನವಿಲ್ಲ, ಎ4 ಅಳತೆಗೆ ಮುದ್ರಿಸಿ ಹಗಲು ಬೆಳಕಿನಲ್ಲಿ ಕೈಗೆ ಕೊಡಿ. ಮೊದಲು ಗೊತ್ತಿರುವ ಮುಖದಿಂದ ಶುರುಮಾಡಿ. ಯಾವ ಮನೆಯ ಜಗಲಿ, ಯಾರ ಮದುವೆ, ಆಗ ಅಡುಗೆಗೆ ಯಾರು ಬರುತ್ತಿದ್ದರು ಎಂದು ಕೇಳುತ್ತಾ ಹೋದರೆ ಹೆಸರು ತಾನಾಗಿ ಬರುತ್ತದೆ. ಫೋಟೋದ ಮೇಲೆ ಬಟರ್ ಪೇಪರ್ ಹಾಕಿ ಗೀಚಬೇಡಿ. ಮುದ್ರಿಸಿದ ಪ್ರತಿಯ ಮೇಲೆ ಹಾಕಿ ಆಕಾರಗಳ ಗೆರೆ ಎಳೆದು ನಂಬರು ಕೊಡಿ. ಪ್ರತಿ ನಂಬರಿನ ಮುಂದೆ ಯಾರು ಹೇಳಿದರು, ಯಾವ ದಿನ, ಖಚಿತವೋ ಅನುಮಾನವೋ ಎಂದು ಬರೆಯಿರಿ. ಬೇರೆ ಬೇರೆಯಾಗಿ ಕೇಳಿದ ಇಬ್ಬರು ಒಂದೇ ಹೆಸರು ಹೇಳುವವರೆಗೆ ಅದು ಅನುಮಾನವೇ.

ಹಳೇ ಬರಹ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ‘ಅತ್ತೆ’ ಎಂದಿದ್ದರೆ ಬರೆದವರಿಗೆ ಅತ್ತೆ. ಗಂಡನ ತಾಯಿಯೋ, ಅಪ್ಪನ ತಂಗಿಯೋ, ಸೋದರಮಾವನ ಹೆಂಡತಿಯೋ? ಕೈಬರಹ ಯಾರದೆಂದು ಮೊದಲು ತೀರ್ಮಾನವಾಗಬೇಕು. ತಾಯಿಯನ್ನೇ ‘ಅಕ್ಕ’ ಎಂದು ಕರೆಯುವ ಮನೆಗಳಿವೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ವಾಡಿಕೆ, ಹಾಗಾಗಿ ಒಂದೇ ಹೆಸರು ಇಬ್ಬರದ್ದಿರಬಹುದು. ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ಮನೆತನಗಳಲ್ಲಿ ತವರಿನ ಹೆಸರೂ ಗಂಡನ ಮನೆ ಹೆಸರೂ ಸೇರಿ ಒಬ್ಬಳೇ ಇಬ್ಬರಾಗಿಬಿಡುತ್ತಾಳೆ.

ಫೋಟೋ ಕನ್ನಡಿಯಂತೆ ತಿರುವುಮುರುವಾಗಿ ಪ್ರಿಂಟಾಗಿರಬಹುದು. ಜನಿವಾರ ಎಡ ಹೆಗಲಿನ ಮೇಲಿಂದ ಇಳಿಯಬೇಕು. ಬಲ ಹೆಗಲಿನಲ್ಲಿದ್ದರೆ ಅದು ಪಿತೃಕಾರ್ಯದ ಹೊತ್ತು, ಅಥವಾ ಫೋಟೋ ತಿರುವುಮುರುವಾಗಿದೆ. ಆಗ ‘ಎಡದಿಂದ ಮೂರನೆಯವರು’ ಎಂಬ ಪಟ್ಟಿಯೇ ತಲೆಕೆಳಗು. ಕೋಟು ಟೈ ನೋಡಿ ಅಧಿಕಾರಿ ಎನ್ನಬೇಡಿ, ಗಿರಾಕಿಗಳಿಗೆಂದು ಸ್ಟುಡಿಯೋದವರೇ ಕೋಟು ಇಟ್ಟಿರುತ್ತಿದ್ದರು. ಗಂಡ ಹೆಂಡತಿ ಪಕ್ಕಪಕ್ಕದಲ್ಲಿದ್ದಾರೆಂದು ಒಟ್ಟಿಗೆ ಕೂತಿದ್ದರೆಂದೂ ಅಲ್ಲ, ಒಬ್ಬರು ಹೋದ ಮೇಲೆ ಎರಡು ಫೋಟೋ ಕೂಡಿಸಿ ದೊಡ್ಡದು ಮಾಡಿಸಿರುವುದುಂಟು.

ಸ್ಟುಡಿಯೋ ಮುದ್ರೆಯಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಆ ಪ್ರಿಂಟು 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ. ಮುದ್ರೆಯಲ್ಲಿ ರಾಜ್ಯದ ಹೆಸರಿದ್ದರೆ ಅದೂ ಕಾಲ ಹೇಳುತ್ತದೆ: ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಧಾರವಾಡ, ಕಾರವಾರ ಮುಂಬಯಿ ಕಡೆಗೂ, ಮಂಗಳೂರು ಮದ್ರಾಸಿನ ಕಡೆಗೂ, ಕಲಬುರಗಿ, ರಾಯಚೂರು ಹೈದರಾಬಾದಿನ ಕಡೆಗೂ ಇದ್ದದ್ದು 1956ರ ನವೆಂಬರ್ 1ರವರೆಗೆ. ಇದೆಲ್ಲ ಪ್ರಿಂಟಿನ ಲೆಕ್ಕ, ಫೋಟೋ ತೆಗೆದ ಕಾಲದ್ದಲ್ಲ. ಹಿಂಬದಿ ಪ್ಲಾಸ್ಟಿಕ್ಕಿನಂತೆ ನುಣುಪಾದ, ಈಚಿನ ಕಾಲದ ಕಾಗದದಲ್ಲಿ ಮುತ್ತಜ್ಜ ಇದ್ದರೆ ಅದು ಮರುಪ್ರತಿ, ಮೂಲವನ್ನು ಬೇರೆ ಮನೆಗಳಲ್ಲಿ ಹುಡುಕಿಸಿ.

ಬರೆಯುವುದಾದರೆ ಹಳೇ ದಪ್ಪ ಕಾಗದದ ಹಿಂಬದಿಯ ಅಂಚಿನಲ್ಲಿ, ಮುಖಗಳ ಹಿಂದೆ ಬಾರದಂತೆ, 4ಬಿ ಪೆನ್ಸಿಲ್ಲಿನಿಂದ ಹಗುರವಾಗಿ. ಮೇಲೆ ಹೇಳಿದ ಮನೆಯ ಫೋಟೋದಲ್ಲಿ ಬಾಲ್ ಪೆನ್ನಿನ ಒತ್ತಡಕ್ಕೆ ಜಮಖಾನೆಯ ಮೇಲಿನ ಮಗುವಿನ ಹಣೆಗೆ ಅಡ್ಡವಾಗಿ ಉಬ್ಬುಗೆರೆ ಬಂದಿದೆ. ನುಣುಪು ಕಾಗದದ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ, ಪೆನ್ನಿನ ಶಾಯಿ ಒಣಗದೆ ಮೇಲಿಟ್ಟ ಫೋಟೋದ ಮುಖಕ್ಕೆ ಅಂಟುತ್ತದೆ. ಅಂಥವಕ್ಕೆ ಆಮ್ಲರಹಿತ ಕಾಗದದ ಲಕೋಟೆ ತಂದು, ಲಕೋಟೆಯ ಮೇಲೆ ಬರೆಯಿರಿ. ಬರೆದ ಮೇಲೆ ಫೋಟೋ ಒಳಗಿಡಿ.

ಈಗಾಗಲೇ ತಪ್ಪು ಹೆಸರು ಬರೆದಿದ್ದರೆ ಉಜ್ಜಲು, ತೊಳೆಯಲು ಹೋಗಬೇಡಿ. ತಪ್ಪು ಹೆಸರು, ಸರಿ ಹೆಸರು, ಯಾವ ಆಧಾರದಿಂದ ತಿದ್ದಿದಿರಿ ಎಂಬುದನ್ನು ದಿನಾಂಕದೊಂದಿಗೆ ಲಕೋಟೆಯ ಮೇಲೆ ಬರೆಯಿರಿ. ಗ್ರೂಪಿನಲ್ಲಿ ತಪ್ಪು ಹೆಸರಿನೊಂದಿಗೆ ಹಂಚಿದ್ದರೆ ಅದೇ ಫೋಟೋವನ್ನು ಸರಿ ಹೆಸರಿನೊಂದಿಗೆ ಮತ್ತೆ ಹಾಕಿ. ಪುಸ್ತಕ ಅಚ್ಚಾಗಿದ್ದರೆ ತಿದ್ದುಪಡಿ ಚೀಟಿ ಮಾಡಿಸಿ, ಪ್ರತಿ ಹೋದ ಮನೆಮನೆಗೂ ಕಳಿಸಿ ಆ ಪುಟಕ್ಕೆ ಅಂಟಿಸಲು ಹೇಳಿ. ಹೆಸರು ಸಿಗದವರ ಮುಂದೆ ‘ಗೊತ್ತಿಲ್ಲ’ ಎಂದು ಬರೆದು, ಯಾರ್‍ಯಾರನ್ನು ಕೇಳಿಯಾಗಿದೆ ಎಂಬುದನ್ನೂ ಸೇರಿಸಿ.