ಟೆಂಪ್ಲೇಟ್ ಕನ್ನಡೀಕರಣಕ್ಕೆ ಮುಂಗಡ ಕೊಡುವ ಮುನ್ನ ಫೈಲ್ ಬಿಚ್ಚಿ ನೋಡಿ

ಸಹಕಾರ ಸಂಘಗಳ ನೋಟಿಸು, ರಸೀದಿ, ಠರಾವು ಪ್ರತಿಗಳ ಟೆಂಪ್ಲೇಟ್‌ಗಳನ್ನು (ಸಿದ್ಧ ನಮೂನೆಗಳನ್ನು) ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದಲ್ಲಿ ಎಕ್ಸ್‌ಎಸ್‌ಎಲ್‌ಟಿ ಮೂಲಕ, ಅಂದರೆ ಬರೆದಿಟ್ಟ ನಿಯಮಗಳಂತೆ ಫೈಲನ್ನು ತಾನಾಗಿ ಬದಲಿಸುವ ವಿಧಾನದಿಂದ, ಕನ್ನಡಕ್ಕೆ ತಂದುಕೊಡುತ್ತೇವೆ ಎಂದು ಹೇಳಿಕೊಂಡು ಬರುವವರ ವಿಷಯದಲ್ಲಿ ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಸಂಘಗಳವರು ಎಚ್ಚರದಿಂದಿರಬೇಕು. ನಮ್ಮ ಸಂಘದ ಹಣ ಹೋಗಿದೆ, ಹಣಕ್ಕಿಂತ ಹೆಚ್ಚಾಗಿ ಮರ್ಯಾದೆ ಹೋಗಿದೆ.

ಕೈಯಿಂದ ಟೈಪ್ ಮಾಡಿಕೊಡಿ ಎಂದು ನಾನು ಕೇಳಿರಲಿಲ್ಲ. ಅದಕ್ಕೆ ಸಿಂಧನೂರಿನಲ್ಲೇ ಡಿಟಿಪಿ ಅಂಗಡಿಗಳಿವೆ. ಇಂಗ್ಲಿಷ್ ಮೂಲ ಬದಲಾದಾಗಲೆಲ್ಲ ಎಕ್ಸ್‌ಎಸ್‌ಎಲ್‌ಟಿಯನ್ನು ಮತ್ತೆ ಓಡಿಸಿದರೆ ಕನ್ನಡ ಪ್ರತಿ ಸಿದ್ಧವಾಗಬೇಕು, ಪದಗಳ ಪಟ್ಟಿ ಬೇರೆ ಫೈಲಿನಲ್ಲಿರಬೇಕು, ಸದಸ್ಯರ ಹೆಸರು ಮತ್ತು ಸಾಲದ ಬಾಕಿ ತುಂಬುವ ಫೀಲ್ಡ್‌ಗಳು ಅಲುಗಾಡದೆ ಉಳಿಯಬೇಕು ಎಂಬುದೇ ಮಾತಾಗಿತ್ತು. ಎಲ್ಲಕ್ಕೂ ಹೂಂ ಎಂದರು, ಅರ್ಧ ಹಣ ಮುಂಗಡ ಪಡೆದರು.

ಬಂದ ಫೈಲುಗಳು ಅವರ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ಕಂಡವು. ಆದರೆ ಆಡಳಿತ ಮಂಡಳಿಯ ಸಭೆಯ ದಿನ ಸಂಘದ ಕಂಪ್ಯೂಟರಿನಲ್ಲಿ ತೆರೆದು ನೋಟಿಸು ಮುದ್ರಿಸಿದಾಗ ಕಾಗದದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅಧ್ಯಕ್ಷರು ಹಾಳೆ ಹಿಡಿದು ಎಲ್ಲರೆದುರು, "ಇದನ್ನ ಯಾರು ಓದಬೇಕ್ರಿ?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅಂದೇ ಸಂಜೆ ಫೈಲನ್ನು ಬಿಚ್ಚಿದೆ. ಲಿಬ್ರೆಆಫೀಸ್ ಉಳಿಸುವ ಓಡಿಎಫ್ ರೂಪದ ದಸ್ತಾವೇಜು ಎಂದರೆ ಹಲವು ಫೈಲುಗಳನ್ನು ಒಳಗಿಟ್ಟ ಒಂದು ಜಿಪ್ ಪೊಟ್ಟಣ. ಒಳಗಿನ ಕಂಟೆಂಟ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ ಪಠ್ಯವಿರುತ್ತದೆ. ಅಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. "ಕ" ಇರಬೇಕಾದ ಕಡೆ ಇಂಗ್ಲಿಷಿನ ಪಿ, ಅದರ ಪಕ್ಕ ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ರೂಪ ತೊಡಿಸುವ ಹಳೆಯ ಆಸ್ಕಿ ಫಾಂಟಿನಲ್ಲಿ ಕೈಯಿಂದ ಟೈಪ್ ಮಾಡಿ ಕೊಟ್ಟಿದ್ದರು, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡ್ ಅಲ್ಲವೇ ಅಲ್ಲ. ಸದಸ್ಯರ ಹೆಸರಿನ ಫೀಲ್ಡ್ ಅಳಿಸಿ ಅಲ್ಲಿ ಚುಕ್ಕೆಗಳನ್ನು ಒತ್ತಿದ್ದರು. ಚುಕ್ಕೆಗಳನ್ನು!

ಫೋನ್ ಮಾಡಿದರೆ, "ನಿಮ್ಮ ಸಿಸ್ಟಮ್‌ನಾಗ ಫಾಂಟ್ ಇಲ್ರಿ ಸರ್, ಹಾಕ್ಕೊಂಡ್ರ ಸರಿ ಆಗ್ತದ" ಎಂಬ ಉತ್ತರ. ಫೀಲ್ಡ್ ಎಲ್ಲಿ ಎಂದರೆ, "ಪೆನ್ನಿಲೆ ತುಂಬ್ರಿ ಸರ್, ಎಲ್ಲಾ ಸಂಘದವರೂ ಹಂಗೇ ಮಾಡ್ತಾರ." ಎಕ್ಸ್‌ಎಸ್‌ಎಲ್‌ಟಿ ಫೈಲ್ ಎಲ್ಲಿ ಎಂದು ಕೇಳಿದ್ದಕ್ಕೆ, "ಅದು ನಮ್ಮ ಸೀಕ್ರೆಟ್ ರಿ." ಹಣ ಕೊಟ್ಟ ಕೆಲಸವೇ ಅದು, ಅದೇ ಗುಟ್ಟಂತೆ.

ಪಟ್ಟು ಹಿಡಿದ ಮೇಲೆ ಒಂದು ಫೈಲ್ ಕಳಿಸಿದರು. ಅದರಲ್ಲಿದ್ದದ್ದು ಇರುವುದನ್ನೆಲ್ಲ ಇದ್ದ ಹಾಗೆ ನಕಲು ಮಾಡು ಎಂಬ ಒಂದೇ ನಿಯಮ. ಎಕ್ಸ್‌ಎಸ್‌ಎಲ್‌ಟಿ ಪ್ರೊಸೆಸರ್‌ಗೆ ಕೊಟ್ಟು ಓಡಿಸಿದರೆ ಇಂಗ್ಲಿಷ್ ಟೆಂಪ್ಲೇಟ್ ಇಂಗ್ಲಿಷಿನಲ್ಲೇ ಹೊರಬಂತು. ಆ ನಿಯಮ ಬೇಕು, ನಿಜ. ಆದರೆ ಅದರ ಮೇಲೆ ಪಠ್ಯವನ್ನು ಪದಪಟ್ಟಿಯಿಂದ ಬದಲಿಸುವ ನಿಯಮ, ಒಂದೇ ವಾಕ್ಯ ಫೈಲಿನೊಳಗೆ ಹಲವು ಸ್ಪ್ಯಾನ್‌ಗಳಾಗಿ (ತುಂಡುಗಳಾಗಿ) ಒಡೆದಿದ್ದರೆ ಅದನ್ನು ಹಿಡಿಯುವ ನಿಯಮ, ಕನ್ನಡದಂಥ ಲಿಪಿಗಳಿಗೆ ಓಡಿಎಫ್‌ನಲ್ಲಿ ಪ್ರತ್ಯೇಕವಾಗಿರುವ ಭಾಷೆ ಮತ್ತು ಫಾಂಟ್ ಗುಣಗಳನ್ನು ತಿದ್ದುವ ನಿಯಮ, ಇವೆಲ್ಲ ಬಂದರೆ ತಾನೇ ಅದು ಕನ್ನಡೀಕರಣ? ಸಂಘದ ಹೆಸರಿರುವ, ಹಾಳೆಯ ತಲೆಭಾಗದ ಹೆಡರ್ ಕುಳಿತಿರುವುದು ಅದೇ ಪೊಟ್ಟಣದ ಇನ್ನೊಂದು ಫೈಲಾದ ಸ್ಟೈಲ್ಸ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ. ಆ ಫೈಲನ್ನು ಅವರು ತೆರೆದೇ ಇರಲಿಲ್ಲ. ಅದನ್ನು ಹೇಳಿದರೆ, "ಇಷ್ಟು ಗೊತ್ತಿದ್ರ ನೀವೇ ಮಾಡ್ಕೋಬೇಕಿತ್ತು" ಎಂದು ಫೋನ್ ಇಟ್ಟರು. ಈ ಮಾತು ಇಂದಿಗೂ ಸುಡುತ್ತದೆ.

ಯಾರೇ ಬರಲಿ, ಒಂದು ಟೆಂಪ್ಲೇಟನ್ನು ನಿಮ್ಮದೇ ಕಂಪ್ಯೂಟರಿನಲ್ಲಿ, ನಿಮ್ಮ ಕಣ್ಣೆದುರು ಓಡಿಸಿ ತೋರಿಸಲಿ. ಜಿಪ್ ಪೊಟ್ಟಣದ ಗೊಡವೆ ಬೇಡವೆಂದರೆ ಟೆಂಪ್ಲೇಟನ್ನು ಫ್ಲಾಟ್ ಓಡಿಎಫ್ ಆಗಿ ಉಳಿಸಿ ಕೊಡಿ. ಇಡೀ ದಸ್ತಾವೇಜು ಒಂದೇ ಫೈಲಿನಲ್ಲಿರುತ್ತದೆ, ಸಾದಾ ಎಡಿಟರ್‌ನಲ್ಲಿ ತೆರೆದರೆ ಕನ್ನಡ ಇದೆಯೋ ಇಲ್ಲವೋ ಕೂಡಲೇ ಕಾಣುತ್ತದೆ. ಪದಪಟ್ಟಿ ಮತ್ತು ಎಕ್ಸ್‌ಎಸ್‌ಎಲ್‌ಟಿ ಎರಡೂ ಕೈಗೆ ಬರುವವರೆಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ನಮ್ಮ ಮುಂಗಡ ಇನ್ನೂ ವಾಪಸ್ ಬಂದಿಲ್ಲ, ಕೇಳುವುದನ್ನು ನಾನು ನಿಲ್ಲಿಸಿಯೂ ಇಲ್ಲ.