ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟ್: ನಾಲ್ಕು ವರ್ಷಗಳ ಬಳಕೆಯ ನಂತರ

2012ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪಿಗೆ 2021ರಲ್ಲಿ ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಉಚಿತ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್ ಮಿಂಟ್ 20.1ನ್ನು, ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಆವೃತ್ತಿಯಲ್ಲಿ, ಹಾಕಿದೆ. ಅದರಲ್ಲಿದ್ದ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಭದ್ರತಾ ಅಪ್‌ಡೇಟ್ ನಿಂತಿತ್ತು. ನಾಲ್ಕು ಜಿಬಿ ರ‍್ಯಾಮಿನ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಾಗದೆ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿಸಿಕೊಂಡೆ. ಅಂಗಡಿಯವರು, "ಲಿನಕ್ಸ್ ಹಾಕ್ಕೊಂಡವ್ರು ತಿಂಗಳದಾಗ ವಾಪಸ್ ಬರ್ತಾರ್ರಿ" ಎಂದು ನಕ್ಕಿದ್ದರು. ಮಿಂಟ್ ಆಯ್ದುಕೊಳ್ಳಲು ಎರಡೇ ಕಾರಣ: ಅದು ಉಬುಂಟು ಎಂಬ ಇನ್ನೊಂದು ಲಿನಕ್ಸಿನ ದೀರ್ಘಾವಧಿ ಆವೃತ್ತಿಯ ಮೇಲೆ ನಿಂತಿರುವುದರಿಂದ ಐದು ವರ್ಷ ಅಪ್‌ಡೇಟ್ ಸಿಗುತ್ತದೆ, ಮತ್ತು ಎಕ್ಸ್‌ಎಫ್‌ಸಿಇ ನಾಲ್ಕು ಜಿಬಿಯಲ್ಲಿ ಹಗುರಾಗಿ ಓಡುತ್ತದೆ.

ಆದರೆ ನನ್ನ ನಿಜವಾದ ಪರೀಕ್ಷೆ ಕನ್ನಡದ ಕೆಲಸದ್ದು. ಹಾವೇರಿ ಕಡೆಯ ಹಂತಿ ಪದಗಳನ್ನು (ಕಣದಲ್ಲಿ ರಾಶಿ ಮಾಡುವಾಗಿನ ಹಾಡುಗಳನ್ನು) ನಮ್ಮ ತಂದೆಯವರು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟಿದ್ದಾರೆ. ಲಿನಕ್ಸಿನಲ್ಲಿ ಬೇರೆ ಭಾಷೆ ಬೆರಳಚ್ಚಿಸಲು ಇರುವ ಐಬಸ್ ಜೊತೆಗೆ ಎಂ17ಎನ್ ಹಾಕಿಕೊಂಡರೆ ನುಡಿಯದೇ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುವುದರಿಂದ ಬೆರಳುಗಳಿಗೆ ಹೊಸ ಪಾಠ ಬೇಕಾಗಲಿಲ್ಲ; ಎಫ್ ಕೀಲಿ ಒತ್ತಿದರೆ ಹಲಂತ, ಮುಂದಿನ ವ್ಯಂಜನ ಒತ್ತಕ್ಷರ. ತೊಡಕಾದದ್ದು ಹಳೆಯ ಕಡತಗಳಲ್ಲಿ. ಅವು ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಬಳಸದ ಹಳೆಯ ಫಾಂಟಿನವು, ಆದ್ದರಿಂದ ಬರಹದ ತಂತ್ರಾಂಶ ಲಿಬ್ರೆಆಫೀಸಿನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಷ್ಟೇ ಕಾಣಿಸಿತು. ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಕೊಟ್ಟೆ, ಬಹುಪಾಲು ಸರಿಯಾಯಿತು, ಅರ್ಕಾವತ್ತು ಬಂದಲ್ಲೆಲ್ಲ ಎಡವಿತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇಡುತ್ತಿದ್ದರು, ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ಅದು ಮೊದಲು ಬರಬೇಕು. ಹೀಗಾಗಿ ‘ವರ್ಷ’ ಎಂಬುದು ‘ವಷರ್’ ಆಗಿ ನಿಂತಿತ್ತು. ಇಂಥವನ್ನು ಪಟ್ಟಿ ಮಾಡಿಕೊಂಡು ಹುಡುಕಿ ಬದಲಿಸುವುದರಲ್ಲಿ ಒಂದು ಮಳೆಗಾಲವೇ ಕಳೆಯಿತು. ಬೇಸರದ ಕೆಲಸವೇ, ಆದರೂ ಆ ಪದಗಳನ್ನು ನಾನು ಪೂರ್ತಿ ಓದಿದ್ದು ಆಗಲೇ.

ಇನ್ನು ವ್ಯವಸ್ಥೆಯ ಪ್ರತಿ ತೆಗೆದಿಟ್ಟು, ಕೆಟ್ಟಾಗ ಹಿಂದಿನ ಸ್ಥಿತಿಗೆ ತರುವ ಟೈಮ್‌ಶಿಫ್ಟ್ ಬಗ್ಗೆ. ಮಿಂಟ್ 20ರಿಂದ 21ಕ್ಕೆ ಏರುವ ದಿನ ಧಾರವಾಡದಲ್ಲಿ ಗಾಳಿಮಳೆ, ನಡುವೆ ಕರೆಂಟು ಹೋಯಿತು. ಬ್ಯಾಟರಿ ಹತ್ತು ನಿಮಿಷಕ್ಕೇ ಕೈಕೊಟ್ಟಿತು. ಮರುದಿನ ಚಾಲೂ ಮಾಡಿದರೆ ಕಪ್ಪು ಪರದೆಯ ಮೇಲೆ ಬರೀ ಬಿಳಿ ಅಕ್ಷರಗಳು. ಬೇರೆ ಡಿಸ್ಕಿನಲ್ಲಿ ಟೈಮ್‌ಶಿಫ್ಟ್ ಪ್ರತಿ ತೆಗೆದಿಟ್ಟಿದ್ದರಿಂದ, ಪೆನ್‌ಡ್ರೈವಿನಿಂದ ಮಿಂಟ್ ಎಬ್ಬಿಸಿ, ಅರ್ಧ ಗಂಟೆಯೊಳಗೆ ಹಿಂದಿನ ದಿನದ ಸ್ಥಿತಿಗೆ ಮರಳಿದೆ. ಟೈಮ್‌ಶಿಫ್ಟ್ ತಾನಾಗಿ ಕಾಯುವುದು ವ್ಯವಸ್ಥೆಯ ಕಡತಗಳನ್ನು ಮಾತ್ರ; ನಮ್ಮ ಬರಹ, ಫೋಟೋಗಳ ಪ್ರತಿಯನ್ನು ನಾವೇ ಬೇರೆ ತೆಗೆಯಬೇಕು ಎಂಬುದನ್ನು ಹೊಸಬರು ಗಮನಿಸಬೇಕು.

ಈಗ ಮಿಂಟ್ 22ರಲ್ಲಿದ್ದೇನೆ, 2029ರವರೆಗೆ ಅಪ್‌ಡೇಟಿನ ಚಿಂತೆಯಿಲ್ಲ. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದರೆ ಯಂತ್ರ ಏದುಸಿರು ಬಿಡುತ್ತದೆ, ಆದರೆ ಅದು ನಾಲ್ಕು ಜಿಬಿಯ ಮಿತಿ. ಮನೆಯ ಪ್ರಿಂಟರಿಗೆ ತಯಾರಕರು ಲಿನಕ್ಸ್ ಡ್ರೈವರನ್ನೇ ಕೊಟ್ಟಿಲ್ಲ. ಮುದ್ರಣ ಹೇಗೋ ನಡೆಯುತ್ತದೆ, ಸ್ಕ್ಯಾನರ್ ಮಾತ್ರ ನಾಲ್ಕು ವರ್ಷವಾದರೂ ಒಲಿದಿಲ್ಲ. ಆದ್ದರಿಂದ ಹಳೆಯ ಅಚ್ಚಿನ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು, ಚಿತ್ರದಲ್ಲಿನ ಅಕ್ಷರಗಳನ್ನು ಓದಿ ಪಠ್ಯವಾಗಿಸುವ ಟೆಸರಾಕ್ಟ್‌ನ ಕನ್ನಡ ಓಸಿಆರ್‌ಗೆ ಕೊಡುತ್ತೇನೆ. ಬೆಳಕು ಓರೆಯಾಗಿ ಬಿದ್ದ ಪುಟವನ್ನು ಅದು ಓದುವುದಿಲ್ಲವಾದ್ದರಿಂದ ಈ ಕೆಲಸ ನಮ್ಮ ಅಂಗಳದ ಕಟ್ಟೆಯ ಮೇಲೆ, ಬೆಳಿಗ್ಗೆ ಹೊತ್ತೇರುವ ಮುನ್ನ ನಡೆಯುತ್ತದೆ.