ವೈನರಿ ರೂಮಲ್ಲಿ ಒಂದು ರಾತ್ರಿ, ಅಪ್ಪನ ಜೊತೆ

"ದ್ರಾಕ್ಷಿ ತೋಟದಲ್ಲಿ ಮಲಗೋಕೆ 6,500 ರೂಪಾಯಾ? ನಮ್ಮ ಪಂಪ್‌ಹೌಸಲ್ಲಿ ಬಿಟ್ಟಿ ಮಲಗಮ್ಮ" ಅಂದರು ಅಪ್ಪ. ಶಿಡ್ಲಘಟ್ಟದ ಕಡೆ ನಮ್ಮದು ಒಂದೂವರೆ ಎಕರೆ ಬೆಂಗಳೂರು ಬ್ಲೂ ದ್ರಾಕ್ಷಿ ಚಪ್ಪರ. ಕಾಯಿ ಬಣ್ಣ ತಿರುಗಿದ ಮೇಲೆ ಅವರು ತೋಟದಲ್ಲೇ ಮಲಗುವವರು. ಆದರೂ ಮಾರ್ಚ್ ಮೊದಲ ವಾರ ಕರೆದುಕೊಂಡು ಹೋದೆ. ವೈನ್ ಮಾಡುವ ಜಾಗ, ಚಿಕ್ಕಬಳ್ಳಾಪುರ ದಾಟಿ ಸ್ವಲ್ಪ ಒಳಗೆ. ಬೈಯುವುದೂ ಇದೆ, ಹಾಗಾಗಿ ಹೆಸರು ಬೇಡ.

ರೂಮು ಚೊಕ್ಕಟವಾಗಿದೆ. ಬಾಲ್ಕನಿಯಿಂದ ನಂದಿ ಬೆಟ್ಟ ಕಾಣುತ್ತದೆ. ಸೋಲಾರ್ ನೀರು ಬೆಳಗ್ಗೆ ಉಗುರು ಬೆಚ್ಚಗೆ ಅಷ್ಟೆ.

ಸಂಜೆ ತೋಟ ತೋರಿಸುವ ಹುಡುಗ ಇಂಗ್ಲಿಷಲ್ಲಿ ಶುರು ಮಾಡಿದ. ಅಪ್ಪ ತೆಲುಗಲ್ಲಿ "ಯಾವೂರಪ್ಪಾ" ಅಂದರು. ಗೌರಿಬಿದನೂರು. ಅಲ್ಲಿಂದ ಮುಂದೆ ಪ್ರಶ್ನೆಯೆಲ್ಲ ಅಪ್ಪನದೇ. ಇಲ್ಲಿ ಚಪ್ಪರ ಇಲ್ಲ. ಬಳ್ಳಿಗಳು ತಂತಿ ಹಿಡಿದು ಬೇಲಿಯ ಹಾಗೆ ಸಾಲಾಗಿ ನಿಂತಿವೆ. ಎಕರೆಗೆ 4 ಟನ್ ಸಾಕು, ಜಾಸ್ತಿ ಬಿಟ್ಟರೆ ರುಚಿ ತೆಳುವಾಗುತ್ತದೆ, ಹೆಚ್ಚಿನ ಗೊಂಚಲು ಕಿತ್ತು ಹಾಕುತ್ತೇವೆ ಅಂದ ಹುಡುಗ. ಅಪ್ಪ ನಿಂತುಬಿಟ್ಟರು. "ಕಾಯಿ ಕಿತ್ತು ಹಾಕ್ತೀರಾ?" ನಮ್ಮ ಚಪ್ಪರದಲ್ಲಿ ಒಳ್ಳೆ ವರ್ಷ ಎಕರೆಗೆ 12 ಟನ್ ಇಳಿದಿದೆ. ಇಲ್ಲಿ ಬಳ್ಳಿ ಕಟಿಂಗ್ ವರ್ಷಕ್ಕೆ ಎರಡು ಸಲ, ಕೊಯ್ಲು ಮಾತ್ರ ಒಂದೇ. ನಮ್ಮ ಬ್ಲೂ ತಗೊಳ್ಳಲ್ವಾ ಅಂತ ಕೇಳಿದರು. ಅದು ಸಿಹಿ ಪೋರ್ಟ್ ವೈನ್‌ಗೆ, ನಾವು ಮಾಡಲ್ಲ ಅಂದ. "2013ರಲ್ಲೇ ಈ ಸೀಮೆಯ ಬೆಳೆ ಅಂತ ಜಿಐ ಟ್ಯಾಗ್ ಬಂದಿದೆ ಅದಕ್ಕೆ" ಅಂತ ಅಪ್ಪ ಒಂದು ಬಿಟ್ಟರು.

ಆಮೇಲೆ ಹುಡುಗ ರಸದ ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ತೆಗೆದ. ಕೆಂಪು ವೈನ್‌ಗೆ ಬೆಳೆಯುವ ಶಿರಾಜ್ ಕಾಯಿ ಕಡಲೆಕಾಳಿಗಿಂತ ಸ್ವಲ್ಪ ದಪ್ಪ ಅಷ್ಟೆ. ಒಂದನ್ನು ಹಿಸುಕಿ ಗಾಜಿನ ಮೇಲೆ ರಸ ಬಿಟ್ಟು ಬೆಳಕಿಗೆ ಹಿಡಿದರೆ 23. ಅಷ್ಟು ಕಪ್ಪು ಹಣ್ಣು, ರಸಕ್ಕೆ ಬಣ್ಣವೇ ಇಲ್ಲ. ಸಿಪ್ಪೆ ಉಜ್ಜಿದೆ, ಹೆಬ್ಬೆರಳೆಲ್ಲ ನೇರಳೆ. ಮಾರನೇ ದಿನವೂ ಹೋಗಲಿಲ್ಲ. ಕೆಂಪು ವೈನ್‌ನ ಬಣ್ಣ ಪೂರ್ತಿ ಈ ಸಿಪ್ಪೆಯದೇ, ಅದಕ್ಕೇ ಸಿಪ್ಪೆ ಸಮೇತ ಹುದುಗಲು ಬಿಡುತ್ತಾರೆ.

ನಿದ್ದೆ ಮಾಡೋಕೆ ಅಂತ ಹೋಗುವವರು ಈಗ ಓದಿ. ಹುದುಗುವಾಗ ಟ್ಯಾಂಕ್ ಬಿಸಿಯಾಗುತ್ತದೆ, ಅದನ್ನು ತಣ್ಣಗಿಡುವ ಚಿಲ್ಲರ್ ರಾತ್ರಿಯೆಲ್ಲ ಗುಂಯ್ ಅನ್ನುತ್ತದೆ. ನಮ್ಮ ರೂಮಿನ ಗೋಡೆ ಆಚೆಯೇ ಅದು. ಹನ್ನೊಂದಕ್ಕೆ ಪಂಪ್ ಶುರು. ಸಿಪ್ಪೆಯೆಲ್ಲ ಮೇಲೆ ಬಂದು ಮುಚ್ಚಳದ ಹಾಗೆ ಕೂರುತ್ತದಂತೆ, ತಳದ ರಸ ಎತ್ತಿ ಅದರ ಮೇಲೆ ಸುರಿಯಬೇಕು. ಸ್ವೆಟರ್ ಹಾಕಿಕೊಂಡು ಕೆಳಗಿಳಿದೆ. ಕೆಲಸದವರು ಮುಚ್ಚಳ ತೆಗೆದರು. ಉಕ್ಕಿದ ದೋಸೆ ಹಿಟ್ಟಿಗೆ ನೇರಳೆ ಹಣ್ಣು ಕಿವುಚಿದ ಹಾಗೆ ವಾಸನೆ. "ಬಗ್ಗಬೇಡಿ ಮೇಡಂ, ಗ್ಯಾಸ್ ಇರತ್ತೆ, ತಲೆ ಸುತ್ತತ್ತೆ."

ನಾಲ್ಕೂವರೆಗೆ ಟ್ರ್ಯಾಕ್ಟರ್. ಬಿಸಿಲಿಗೆ ಮುಂಚೆ ಕೊಯ್ದರೆ ಹಣ್ಣು ತಣ್ಣಗಿರುತ್ತದೆ ಅನ್ನುವುದು ಲೆಕ್ಕ. ಹಣೆಗೆ ಟಾರ್ಚ್ ಕಟ್ಟಿಕೊಂಡ ಹೆಂಗಸರು ಸಾಲಿಗಿಬ್ಬರು. ಪಕ್ಕದ ಮಂಚ ಖಾಲಿ. ಹೋಗಿ ನೋಡಿದರೆ ಅಪ್ಪ ಅವರ ನಡುವೆ ಕತ್ತರಿ ಹಿಡಿದು, ಕೂಲಿ ಎಷ್ಟು ಕೊಡ್ತಾರೆ ಅಂತ ವಿಚಾರಿಸುತ್ತಿದ್ದರು. ಕೊಟ್ಟ ದುಡ್ಡು ನನಗೆ ಅಲ್ಲಿಗೇ ವಸೂಲಾಯಿತು.

ಊಟದಲ್ಲಿ ವೈನರಿಯವರು ಸೋತರು. ಮೆನುವಿನಲ್ಲಿ ಪಾಸ್ತಾ, ಪನೀರ್ ಟಿಕ್ಕಾ. ಪಾಸ್ತಾ ಅಂಟಂಟು. ಹಿಂದುಗಡೆ ಕೆಲಸದವರಿಗೆ ಮುದ್ದೆ, ಹುರುಳಿಕಾಳು ಬಸ್ಸಾರು ಬೇಯುತ್ತಿತ್ತು. ಅಪ್ಪ ಕೇಳಿಯೇ ಬಿಟ್ಟರು, ಕೊಟ್ಟರು, ಬಿಲ್ಲಿಗೂ ಹಾಕಲಿಲ್ಲ. ಅದನ್ನೇ ಮೆನುವಿಗೆ ಹಾಕೋಕೆ ಏನು ಕಷ್ಟ?

ವೈನ್ ಚೆನ್ನಾಗಿತ್ತು. ಬಿಳಿ ವೈನ್ ಸೊವಿನ್ಯೋಂ ಬ್ಲಾಂಕ್‌ನಲ್ಲಿ ಸೀಬೆಕಾಯಿ ಘಮ, ಶಿರಾಜ್‌ನಲ್ಲಿ ಕೊನೆಗೆ ಕರಿಮೆಣಸಿನ ಚುರುಕು. ಆದರೆ ಫೋನಲ್ಲಿ ರುಚಿ ನೋಡೋದು ಬಾಡಿಗೆಯಲ್ಲೇ ಸೇರಿದೆ ಅಂದವರು ಬಿಲ್ಲಲ್ಲಿ ತಲೆಗೆ 800 ಸೇರಿಸಿದ್ದರು. ಅಪ್ಪ ಗ್ಲಾಸ್ ಮುಟ್ಟಿರಲಿಲ್ಲ. ಜಗಳ ಆಡಿದ ಮೇಲೆ ಅವರ 800 ತೆಗೆದರು, ನನ್ನದು ಹಾಗೇ ಉಳಿಯಿತು.

ಹೋಗುವುದಾದರೆ ಫೆಬ್ರವರಿ, ಮಾರ್ಚಲ್ಲೇ ಹೋಗಿ, ಕೊಯ್ಲು ನಡೀತಿದೆಯಾ ಅಂತ ಮೊದಲು ಕೇಳಿ. ನಿದ್ದೆ ಬೇಕು ಅನ್ನುವವರು ಚಿಲ್ಲರ್ ಪಕ್ಕದ ರೂಮು ಬೇಡ ಅನ್ನಿ. ರುಚಿ ನೋಡುವ ದುಡ್ಡಿನ ವಿಷಯ ಮೆಸೇಜಲ್ಲಿ ಬರೆಸಿಕೊಳ್ಳಿ.